ಮೊದಲು ಹೊಳೆದದ್ದು ಯಾರಿಗೆ

ಅರಗಿನ ಮುದ್ರಿ ಒತ್ತಿದ ಲಕೋಟೆ
ವಕೀಲರ ಮೇಜಿನ ಮ್ಯಾಲ ಇಟ್ಟೆ.
ನನ್ನ ಹೆಸರಿಗೆ ನಾನ ಕಳಿಸಿಕೊಂಡ ರಜಿಸ್ಟರ್ ಪೋಸ್ಟು,
ಬ್ಯಾಡಗಿ ಅಂಚೆ ಕಚೇರಿ ಠಸ್ಸೆ, ತಾರೀಖು ಸ್ವಚ್ಛ ಕಾಣತಾವ.
ಒಳಗ ಮೆಣಸಿನಕಾಯಿ ತುಂಬು ತಗಿಯೂ ಮಷೀನಿನ ನಕಾಶೆ.
ಎರಡು ವರ್ಷ ಒಡೆದಿಲ್ಲ,
ಹೆಂಡತಿ ಸೀರಿ ಟ್ರಂಕಿನ ತಳದಾಗ ಇತ್ತು.

"ಇದು ನಡಿಯೂದಿಲ್ಲ ಪತ್ತಾರ," ಅಂದ್ರು ನಾಡಗೀರ ವಕೀಲರು,
ಮುಟ್ಟಲೂ ಇಲ್ಲ.
"ಪೋಸ್ಟ್‌ಮನ್ ಸಾಕ್ಷಿ ಹೇಳಬಹುದು,
ಹಕ್ಕು ಕೊಡಾಕ ಬರೂದಿಲ್ಲ."

ಹುಬ್ಬಳ್ಳಿ ಕೊಪ್ಪೀಕರ ರಸ್ತೆ, ಚಾಳೀಸಿನ ಅಂಗಡಿ ಮ್ಯಾಲಿನ ಮಾಳಿಗಿ.
ನನ್ನ ಅಂಗಿಯಿಂದ ಘಾಟು ಇನ್ನೂ ಹೋಗಿದ್ದಿಲ್ಲ,
ಅವರು ಎರಡು ಸಲ ಸೀನಿ ಕೇಳಿದ್ರು:
ಯಾರಿಗೆ ತೋರಿಸಿದ್ದಿ?

ತೋರಿಸಲಾರದ ಮಾರೂದು ಹ್ಯಾಂಗ್ರಿ?
ಧಾರವಾಡದ ಕೃಷಿ ಮೇಳದಾಗ ನಾಕ ದಿನ ಓಡಿಸಿದೆ,
ಮೋಟೆಬೆನ್ನೂರಿಗೆ ಎರಡು, ಕಾಗಿನೆಲ್ಲಿಗೆ ಒಂದು ಕೊಟ್ಟೆ,
ಬಿಲ್ಲೂ ಐತಿ.
ಬಿಲ್ಲಿನ ಮಾತು ಎದಿ ಉಬ್ಬಿಸಿ ಹೇಳಿದೆ, ಖಬರಗೇಡಿ.
"ಅರ್ಜಿ ಹಾಕೂಕಿಂತ ಮೊದಲ ಊರ ಮುಂದ ಇಟ್ಟದ್ದು
ಕಾಯ್ದೆ ಕಣ್ಣಾಗ ಹೊಸದಲ್ಲ."
ಅಂದ್ರ ಆ ರಾಣೆಬೆನ್ನೂರಿನಾಂವ
ನನ್ನ ಮಷೀನಿಗೆ ಹಸಿರು ಬಣ್ಣ ಬಳದು ಮಾರಾಕತ್ತಾನಲ್ಲ?
"ಬಳೀಲಿ. ನಿನ್ನ ಅಂಗಡಿ ಹೆಸರು ಹಚ್ಚಿದ್ರ ಹೇಳು,
ಅದು ಬ್ಯಾರೆ ಖಟ್ಲೆ.
ಯಾರೂ ನೋಡಲಾರದ್ದು ಏನರ ಉಳದೈತೇನು?"

ಉಳಿದಿತ್ತು.
ಹೋದ ಅಮಾಸಿಗೆ ರೋಲರಿಗೆ ರಬ್ಬರ್ ಸುತ್ತಿದ್ದೆ.
ಕಬ್ಬಿಣ ಕಚ್ಚಿದ್ರ ಕಾಯಿ ಒಡದು ಬೀಜ ಚೆಲ್ಲತಿತ್ತು,
ರಬ್ಬರ್ ಹಂಗಲ್ಲ, ತುಂಬಿನ ಕುತ್ತಿಗಿ ಹಿಡಿದು
ಅರ್ಧ ಸುತ್ತು ತಿರುವಿ
ಬಿಟ್ಟುಬಿಡತೈತಿ.
ಶಟರ್ ಎಳಕೊಂಡು ರಾತ್ರಿ ನೋಡಿದ್ದು, ನಾನೊಬ್ಬನ.

ಅವರು ಕನ್ನಡಕ ತಗದ್ರು.
ಇದಕ್ಕ ಹಾಕೋಣು. ಮೊದಲು ಕಚ್ಚಾ ಬರಹ, ವರ್ಷದೊಳಗ ಪೂರ್ತಿ,
ಚೆನ್ನೈದವರು ತಕರಾರು ತಗೀತಾರ, ನಾವು ಉತ್ತರ ಬರೀತೇವಿ,
ಸಿಕ್ಕರ, ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ.
ಫೀ ಕಟ್ಟಕೋತ ಇರಬೇಕು, ಮರತ್ರ ಮುಗೀತು.
ಆಮ್ಯಾಲೆ ಪೆನ್ನು ಎತ್ತಿ,
"ಮೊದಲು ಹೊಳೆದದ್ದು ಯಾರಿಗೆ?"

ರೊಕ್ಕ ನಂದು, ವೆಲ್ಡಿಂಗ್ ನಂದು, ಸುಟ್ಟ ಕೈ ನಂದು.
"ಅದು ಅರ್ಜಿದಾರನ ಖಾನೆ. ಇದು ಅದರ ಕೆಳಗಿಂದು."

ಫಕ್ಕೀರವ್ವನ ಹೆಬ್ಬೆರಳು ಕಣ್ಣಿಗೆ ಬಂತು.
ಗೋದಾಮಿನ್ಯಾಗ ಸಾಲಾಗಿ ಕೂತ ಹೆಣ್ಣಮಕ್ಕಳೊಳಗ
ಸೈಕಲ್ ಟ್ಯೂಬಿನ ತುಂಡು ಹೆಬ್ಬೆರಳಿಗೆ ಕಟ್ಟಿಕೊಂಡಾಕಿ ಆಕಿ ಒಬ್ಬಾಕಿನ.
ಉಳದವರು ಮುರೀತಾರ, ಆಕಿ ತಿರವತಾಳ.
ತಕ್ಕಡಿ ರಿಪೇರಿಗೆ ಹೋದಾಂವ ಒಂದು ತಾಸು ನಿಂತು ನೋಡಿದ್ದೆ.
"ಏನ್ ನೋಡ್ತಿ ಮೌನೇಶಾ?" ಅಂದಿದ್ಲು.
ಏನಿಲ್ಲ ಅಂದಿದ್ದೆ.

ಸಂಜಿ ಬಸ್ಸಿಳಿದು ನೆಟ್ಟಗ ಆಕಿ ಮನಿಗೆ ಹೋದೆ.
ಎಲ್ಲಾ ಹೇಳಿದೆ.
"ನಿನ್ನ ಮಷೀನು ಎಷ್ಟು ಮಂದಿ ಕೆಲಸ ಮಾಡತೈತಿ?"
ಮೂವತ್ತು.
"ಆ ಮೂವತ್ತರಾಗ ನಾನೂ ಬಂದ್ನೋ ಇಲ್ಲೋ?"
ನಾ ಒಲಿ ಕಡೆ ನೋಡಿದೆ.
"ಇಪ್ಪತ್ತು ವರ್ಷ ಆದಮ್ಯಾಲೆ?"
ಆಮ್ಯಾಲೆ ಎಲ್ಲಾರದು, ಯಾರು ಬೇಕಾದರೂ ಮಾಡಬಹುದು.
"ಮೊದಲೂ ಎಲ್ಲಾರದ ಇತ್ತಲ್ಲೋ.
ಕೇಳಿದ್ರ ಯಾರಿಗರ ಇಲ್ಲಂದೀನಿ?"

ಟ್ಯೂಬು ಬಿಚ್ಚಿ ಹೆಬ್ಬೆರಳು ದೀಪಕ್ಕ ಹಿಡಿದ್ಲು.
ಗೆರಿ ಇಲ್ಲ. ನುಣ್ಣಗ, ಹುಣಸಿ ಬೀಜದಂಗ.
ಟ್ಯೂಬು ಕಟ್ಟೂಕಿಂತ ಮೊದಲ ಸವೆದದ್ದು ಅದು.
ರೇಶನ್ ಅಂಗಡಿ ಯಂತ್ರ ಒಪ್ಪೂದಿಲ್ಲಂತ,
ತಿಂಗಳಾ ಮೊಮ್ಮಗನ್ನ ಕರಕೊಂಡು ಹೋಗಬೇಕಂತ.
"ಚೆನ್ನೈದವರು ಒಪ್ಪತಾರೇನು?"

ಸಹಿ ಬ್ಯಾಡವ್ವ, ಈಗ ಹೆಸರಷ್ಟ ಸಾಕು.
ಭಾಳೊತ್ತು ಸುಮ್ಮನಿದ್ಲು.
ಹೊರಗ ಮೆಣಸಿನಕಾಯಿ ಲಾರಿ ಹಿಂದಕ್ಕ ಸರಿಯೂ ಸಪ್ಪಳ.
"ಬರಿ. ಆದ್ರ ಗಂಡನ ಅಡ್ಡಹೆಸರು ಬ್ಯಾಡ.
ತವರಮನೀದು ಬರಿ."
ಬ್ಯಾರೆ ಹಾಳಿ ಇರಲಿಲ್ಲ,
ಅದ ಲಕೋಟೆ ಬೆನ್ನಿಗೆ ಬರಕೊಂಡೆ.
"ಯಾಕ ಅಂತ ಕೇಳಲಿಲ್ಲ ನೀ.
ಟ್ಯೂಬು ನಮ್ಮಪ್ಪನ ಸೈಕಲ್ಲಿಂದು."