ಷರಾ

ಕೇಳಿದ್ದು ಒಂದೇ ಪ್ರಶ್ನೆ:
ಹಾಸನದ ಹೊಳೆನರಸೀಪುರ ರಸ್ತೆಯ ಆಲೂಗಡ್ಡೆ ಶೈತ್ಯಾಗಾರಕ್ಕೆ
ಕಂಪ್ಯೂಟರ್ ಲೆಕ್ಕ ಆಗುತ್ತದೋ, ಆಗುವುದಿಲ್ಲವೋ.
ಪಾಲಿಟೆಕ್ನಿಕ್ಕಿನ ಮೇಡಂ ನಾನು. ಹದಿನೈದು ದಿನ,
ಮೂವತ್ತು ಪುಟ, ಮಧ್ಯಾಹ್ನದ ಊಟ ಸಂಘದ್ದು.

ಮೂಟೆ ಹದಿನೆಂಟು ಸಾವಿರ. ಕೋಣೆ ನಾಲ್ಕು.
ಒಳಗಿನ ಚಳಿಗೆ ಪೆನ್ನು ಮುನಿಸಿಕೊಂಡು
ಬರೆದದ್ದೆಲ್ಲ ಬರೀ ಗೀರು.
ಪರೀಕ್ಷೆಗೆ ಅಂಟಿಸಿದ ಬಾರ್‌ಕೋಡ್ ಚೀಟಿ
ಸಂಜೆಯೊಳಗೆ ನೆನೆದು, ಮೂಟೆಯಿಂದ ಕಳಚಿ
ನನ್ನ ಚಪ್ಪಲಿಗೆ ಅಂಟಿತ್ತು.
ವಾರದಲ್ಲಿ ಕರೆಂಟು ಹೋದದ್ದು ಹನ್ನೊಂದು ಸಲ.
ಬರೆದುಕೊಂಡೆ: ತಾಂತ್ರಿಕವಾಗಿ, ಸ್ವಲ್ಪ ದುಡ್ಡು ಸುರಿದರೆ, ಆದೀತು.

ದುಡ್ಡು. ಖರ್ಚಿನ ಕಾಲಂ ತಾನಾಗಿ ತುಂಬಿತು,
ಲಾಭದ ಕಾಲಮ್ಮಿನಲ್ಲಿ ತಡವರಿಸಿದೆ.
ದುದ್ದದ ಚಿಕ್ಕತಾಯಮ್ಮ ಬೆಳಗಿನ ಜಾವ ನಾಲ್ಕಕ್ಕೇ ಬಂದು
ಸಾಲಿನಲ್ಲಿ ತನ್ನ ಬದಲು ಒಂದು ಕಲ್ಲಿಟ್ಟು
ಗೋಡೆಗೊರಗಿ ನಿದ್ದೆ ಹೋಗಿದ್ದಾಳೆ.
ಅವಳ ಸರದಿ ಎಂಟೂವರೆಗೆ.
ಆ ನಾಲ್ಕೂವರೆ ಗಂಟೆಗೆ ರೂಪಾಯಿ ಎಷ್ಟು?
ದಿನಗೂಲಿ ದರದಲ್ಲಿ ಗುಣಿಸಿದೆ.
ಹೊಡೆದುಹಾಕಿದೆ.
ಕಲ್ಲಿಗೂ ಒಂದು ದರ ಹಾಕಬೇಕಾಗುತ್ತಿತ್ತು.

ಇನ್ನು ಮನುಷ್ಯರು. ಅಡ್ಡಗಾಲು ಹಾಕುವವರು ಯಾರೆಂದು
ಬರುವ ಮೊದಲೇ ತೀರ್ಮಾನಿಸಿದ್ದೆ:
ಮೂವತ್ತೊಂದು ವರ್ಷದ ಗುಮಾಸ್ತ ಖಲೀಲ್ ಸಾಹೇಬರು,
ಕೆಂಪು ಬಟ್ಟೆ ಕಟ್ಟಿದ ರಿಜಿಸ್ಟರು, ಕಿವಿಯ ಮೇಲೆ ಪೆನ್ಸಿಲ್ಲು.
ಅವರು ಪುಟ ತೆರೆದು ಬೆರಳಿಟ್ಟರು.
"ಈ ಮೂಲೆ ಮಡಿಚೈತಲ್ಲ, ಯಜಮಾನ ತೀರೋಗವ್ನೆ, ಬಾಡಿಗೆ ಕೇಳಂಗಿಲ್ಲ.
ಈ ಚುಕ್ಕಿ ಅಣ್ಣತಮ್ಮಂದಿರ ಜಗಳ, ಇಬ್ರೂ ಬಂದ್ರೇ ಮೂಟೆ ಕೊಡೋದು.
ಈ ಸೊನ್ನೆ ಅಂಗಮಾರಿ ಬಿದ್ದ ಹೊಲದ್ದು,
ಬೇರೆಯವ್ರ ಮೂಟೆಗೆ ತಾಗ್ದಂಗೆ ಕೊನೇಲಿಡ್ಬೇಕು."

ಮಡಿಚಿದ ಮೂಲೆಯನ್ನು ಯಾವ ಕೋಷ್ಟಕಕ್ಕೆ ತುಂಬಲಿ?
ಆಗಲ್ಲ ಅಂತ ಬರೆದುಬಿಡ್ಲಾ ಸಾಹೇಬ್ರೇ, ಎಂದೆ,
ಅವರಿಗೆ ಉಪಕಾರ ಮಾಡುತ್ತಿರುವ ದನಿಯಲ್ಲಿ.

ಕನ್ನಡಕ ತೆಗೆದರು. ಎಡಗಣ್ಣಿನಲ್ಲಿ
ಗಂಜಿಯ ಕೆನೆಯಂಥ ಪೊರೆ.
"ಹಂಗನ್ಬೇಡಿ ತಾಯಿ. ಕಂಪ್ಯೂಟರ್ ಬೇಕೂಂತ ಅರ್ಜಿ ಬರೆದೋನೇ ನಾನು.
ಹೋದ ತಿಂಗಳು ನನ್ನ ಅಕ್ಷರ ನಾನೇ ಓದೋಕಾಗ್ದೆ
ಒಬ್ಬಳ ಬಿತ್ತನೆ ಇನ್ನೊಬ್ಬಳಿಗೆ ಕೊಟ್ಬುಟ್ಟೆ."

ಬೇಡವೆಂದದ್ದು ಅಧ್ಯಕ್ಷರು. ಬಾಯಲ್ಲಲ್ಲ.
ಕಾಫಿ ತರಿಸಿದರು, ಕೋಡುಬಳೆ ತರಿಸಿದರು,
ಮೂರನೇ ಕೋಣೆಯ ಬೀಗದಕೈ ಮಾತ್ರ
ಹದಿನೈದು ದಿನವೂ ಬೇರೆ ಯಾರದೋ ಜೇಬಿನಲ್ಲಿತ್ತು.
ರಿಜಿಸ್ಟರಿನ ಪ್ರಕಾರ ಆ ಕೋಣೆ ಖಾಲಿ.
ಖಾಲಿ ಕೋಣೆಗೆ ತಂಪು ಬಿಡುವ ಹಾಗಿಲ್ಲ, ನಿಯಮ.
ಹಾಗಾಗಿ ಬಾಗಿಲ ಸಂದಿಯಿಂದ
ಬಿಳೀ ಮೊಳಕೆಯೊಂದು ಗೇಣುದ್ದ ಹೊರಬಂದಿತ್ತು.
ನಾನು ನೋಡಿದೆ. ನಾನು ನೋಡಿದ್ದನ್ನು ಅಧ್ಯಕ್ಷರು ನೋಡಿದರು.
ಇನ್ನೊಂದು ಕೋಡುಬಳೆ ತಗೊಳ್ಳಿ ಮೇಡಂ, ಎಂದರು.

ವರದಿಯ ನಮೂನೆಯಲ್ಲಿ ಐದು ಶೀರ್ಷಿಕೆ.
ಮೊಳಕೆ ಯಾವುದರಡಿ ಬರುತ್ತದೆ?
ಎರಡು ರಾತ್ರಿ ಕೂತೆ. ಗಂಡ ಎದ್ದು ದೀಪ ಆರಿಸಿ ಹೋದ,
ಮತ್ತೆ ಹಚ್ಚಿದೆ.
ಮೊದಲ ಪುಟಕ್ಕೆ ಒಂದೇ ಸಾಲು ಸಾಕೆಂದಿದ್ದರು. ಬರೆದೆ:
ಆಗುತ್ತದೆ. ನಾಲ್ಕೂ ಕೋಣೆಗೆ ಆದರೆ ಮಾತ್ರ.

ಮಂಜೂರಾಗುವುದೋ ಇಲ್ಲವೋ, ಇನ್ನೂ ಸಭೆ ಕರೆದಿಲ್ಲ.

ಖಲೀಲ್ ಸಾಹೇಬರು ಗೇಟಿನ ತನಕ ಬಂದು ಕೇಳಿದರು:
"ಅದ್ರಲ್ಲಿ ಷರಾ ಕಾಲಂ ಇರ್ತದಾ?"
ಇರುತ್ತೆ.
"ಎಷ್ಟಕ್ಷರ ಹಿಡೀತದೆ?"
ಇನ್ನೂರೈವತ್ತು.
ತುಟಿಯಲ್ಲೇ ಏನನ್ನೋ ಬರೆದುಕೊಳ್ಳುತ್ತ ಬೆರಳು ಮಡಿಸಿದರು:
ಯ ಜ ಮಾ ನ ಇ ಲ್ಲ,
ಬಾ ಡಿ ಗೆ ಕೇ ಳ ಬೇ ಡಿ.
"ಹದಿಮೂರಾಯ್ತು," ಎಂದರು. "ತುಂಬಾ ಮಿಕ್ತದೆ."