ತಿದ್ದುವ ಕೈ

ಬರಂಗಾಯ್ ಚುನಾವಣೆಗೆ ಪಕ್ಷವಿಲ್ಲ ಎನ್ನುತ್ತದೆ ಕಾನೂನು.
ಇಲ್ಲ, ನಿಜ. ಹಸಿರು ಅಂಗಿ ಇದೆ, ಕಿತ್ತಳೆ ಅಂಗಿ ಇದೆ,
ಹಸಿರು ಬಳಿದ ಬಸ್ ತಂಗುದಾಣ ಇದೆ.
ಹೋದ ವಾರ ಸತ್ತ ಮುದುಕ ಕುಲಾಸನ ಶವಪೆಟ್ಟಿಗೆಯೂ ಹಸಿರು,
ಕ್ಯಾಪ್ಟನ್ ಮನೆಯ ದಾನ.

ತೆಂಗಿನ ಮರ ಬೇಕಾದಷ್ಟು, ಧಕ್ಕೆ ಒಂದು,
ಮತ ನಾನೂರ ಮೂವತ್ತು. ಇಷ್ಟೇ ನಮ್ಮ ದ್ವೀಪ.
ತಿಯೊದುಲೊ ಮೂರು ಸಲ ಆಳಿದ, ನಾಲ್ಕನೆಯದು ನಿಷಿದ್ಧ,
ಹಾಗಾಗಿ ಈ ಸಲ ಅವನ ಹೆಂಡತಿ ಪ್ರಿಮಿತಿವಾ.
ಎದುರಿಗೆ ಒಣಮೀನು ಮಾರುವ ಎರ್ಮೊಹೆನಾ,
ಮಂಜುಗಡ್ಡೆ ಕಾರ್ಖಾನೆಯ ಲೆಕ್ಕ ಕೇಳಿದವಳು.
ಕೇಳಿದ್ದಷ್ಟೇ.

ನಾನು ಟೀಚರು. ಚುನಾವಣೆ ಎಂದರೆ ಇಲ್ಲಿ ನಾವೇ.
ನಮ್ಮದೇ ಮೂರನೇ ತರಗತಿ, ನಮ್ಮದೇ ಗಿಡ್ಡ ಬೆಂಚು.
ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು
ದೊಡ್ಡವರು ಕೈಯಾರೆ ಹೆಸರು ಬರೆಯುತ್ತಾರೆ,
ಪರೀಕ್ಷೆಗೆ ಕೂತವರ ಹಾಗೆ ಎಡಗೈ ಮರೆ ಮಾಡಿ.

ಲಕೋಟೆ ನನ್ನ ಬಾಗಿಲಿಗೂ ಬಂದಿತ್ತು, ಶನಿವಾರ ರಾತ್ರಿ,
ಮಾದರಿ ಮತಪತ್ರಕ್ಕೆ ಪಿನ್ನು ಚುಚ್ಚಿದ ಐನೂರು ಪೆಸೊ.
ಹಿಂದಿರುಗಿಸಿದೆ ಎಂದು ಬರೆದಿದ್ದರೆ ಈ ಪದ್ಯ ಚೆನ್ನಾಗಿರುತ್ತಿತ್ತು.
ಹಾಜರಿ ಪುಸ್ತಕದ ನಡುವೆ ಇದೆ, ಇನ್ನೂ.

ಏಳಕ್ಕೆ ಕರೆಂಟು ಹೋಯಿತು. ಹೋಗಲೇಬೇಕಲ್ಲ.
ಎರಡು ಪಕ್ಷದ, ಕ್ಷಮಿಸಿ, ಎರಡು ಬಣ್ಣದ ಏಜೆಂಟರು
ಎರಡು ಟಾರ್ಚು ಹಿಡಿದು ನನ್ನ ಕೈಗೇ ಬೆಳಕು ಬಿಟ್ಟರು.
ಒಂದೊಂದೇ ಮಡಿಕೆ ಬಿಚ್ಚಿ ಗಟ್ಟಿಯಾಗಿ ಓದಿದೆ.
ಗೋಡೆಯ ಹಾಳೆಯ ಮೇಲೆ ನಾಲ್ಕು ಗೀಟು, ಅಡ್ಡ ಒಂದು ಗೀಟು,
ಸಣ್ಣ ಸಣ್ಣ ಬೇಲಿಗಳು.
ಹಸಿರಿನ ಬೇಲಿ ಉದ್ದವಾಗುತ್ತ ಹೋಯಿತು.

ಆಮೇಲೆ ಆ ಚೀಟಿ.
ಇರ್ಮುಹಿನ.
ಎ ಬರುವಲ್ಲಿ ಇ, ಒ ಬರುವಲ್ಲಿ ಉ.
ಅದಿರಲಿ, ನಮ್ಮ ವಿಸಾಯ ನಾಲಿಗೆಯೇ ಹಾಗೆ.
ಆದರೆ ಎನ್ ಅಕ್ಷರ
ಕನ್ನಡಿಯೊಳಗಿಂದ ಇಳಿದು ಬಂದಂತೆ ತಿರುಗಿ ನಿಂತಿತ್ತು.
ಆ ಎನ್ ನನಗೆ ಗೊತ್ತು.
ಇದೇ ಕೋಣೆ, ಕಿಟಕಿ ಪಕ್ಕದ ಮೂರನೇ ಬೆಂಚು,
ಒಂದು ಮಳೆಗಾಲವಿಡೀ ಕೈ ಹಿಡಿದು ತಿದ್ದಿಸಿದ್ದೆ.
ಅಕ್ಷರ ಈ ಕಡೆ ತಿರುಗುವ ಮೊದಲೇ ಹುಡುಗ ದೋಣಿ ಹತ್ತಿದ.
ಈಗಿನ ದೋಣಿಯ ಇಂಜಿನ್ನು
ಕ್ಯಾಪ್ಟನ್ ಕೊಡಿಸಿದ್ದು, ಕಂತಿನ ಮೇಲೆ.

"ಇದು ಹೆಸರೇ ಅಲ್ಲ ಮೇಡಂ, ಪಕ್ಕಕ್ಕಿಡಿ," ಎಂದ ಹಸಿರು ಏಜೆಂಟ.
ಮತ್ತೆ, ಮೆಲ್ಲಗೆ, ಬಗ್ಗಿ:
"ಯಾರ ಕೈಬರಹ? ನಿಮಗೆ ಗೊತ್ತಿರಲೇಬೇಕು,
ಊರಿಗೆಲ್ಲ ಅಕ್ಷರ ಕಲಿಸಿದವರು."

ಮೂವತ್ತೊಂದು ವರ್ಷ ತಿದ್ದಿದ ಕೈ ಇದು.
ತಪ್ಪು ಕಂಡರೆ ಬೆರಳಿಗೆ ತುರಿಕೆ,
ಕೆಂಪು ಪೆನ್ನು ಜೇಬಿನಲ್ಲೇ ಇತ್ತು.
ತಿದ್ದುವುದು ಎಂಬ ಮಾತಿಗೆ ಮಾತ್ರ
ಆ ರಾತ್ರಿ ಬೇರೆಯೇ ಅರ್ಥ.

"ಎರ್ಮೊಹೆನಾ," ಎಂದು ಓದಿದೆ. "ಒಂದು."
"ಈ ವಯಸ್ಸಿಗೆ ಎಲ್ಲರ ಕೈಬರಹವೂ ಒಂದೇ ಥರ ಕಾಣುತ್ತೆ, ತಮ್ಮ."
ಗೀಟು ಬಿತ್ತು.

ಗೆದ್ದದ್ದು ಪ್ರಿಮಿತಿವಾ, ಹದಿನೇಳು ಮತದಿಂದ.
ಪಟಾಕಿ, ಸುಟ್ಟ ಹಂದಿ, ಹಸಿರು ಟೋಪಿ.
ಹದಿನೇಳರಲ್ಲಿ ಲಕೋಟೆ ಎಷ್ಟು, ಹೆದರಿಕೆ ಎಷ್ಟು,
ಆ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟಿಲ್ಲ.
ಎರ್ಮೊಹೆನಾ ಬೆಳಿಗ್ಗೆ ಎಂದಿನ ಹಾಗೆ ಮೀನು ಹರವಿದಳು.
ಕೊಳ್ಳಲು ಬಂದವರು ಕಡಿಮೆ.

ಗುರುವಾರ ಶಾಲೆ ತೆರೆದಾಗ
ಹಾಳೆ ಕಿತ್ತ ಜಾಗದಲ್ಲಿ ಗೋಡೆಯ ಸುಣ್ಣವೂ ಎದ್ದಿತ್ತು.
ಅವನ ಮಗಳು (ಹೆಸರು ಇಲ್ಲೂ ಹೇಳುವುದಿಲ್ಲ)
ನೋಟ್‌ಪುಸ್ತಕದಲ್ಲಿ ಎನ್ ಬರೆದಳು. ತಿರುಗಿ ನಿಂತ ಎನ್.
ಅಪ್ಪನದೇ ಭುಜ, ಅಪ್ಪನದೇ ಹಟ.
ಪಕ್ಕದಲ್ಲಿ ಕೂತೆ, ಅವಳ ಬೆರಳ ಮೇಲೆ ನನ್ನ ಬೆರಳು,
ಉಗುರಿನ ಶಾಯಿ ಇನ್ನೂ ಮಾಸಿಲ್ಲ.

ತಿದ್ದು ಮಗಳೇ, ಇನ್ನೊಂದು ಸಲ,
ಎಲ್ಲರ ಎನ್ ಹಾಗೇ ಆಗುವವರೆಗೆ ತಿದ್ದು,
ಯಾವ ಟಾರ್ಚಿಗೂ
ಇದು ನಿನ್ನದೆಂದು ತಿಳಿಯದ ಹಾಗೆ.