ಹಾಜರಾಗುವ ಮುನ್ನ

ಗದಗಿನಲ್ಲಿ ಬಿಡುಗಡೆ. ರಾಯಚೂರಿನಲ್ಲಿ ಹಾಜರಿ.
ನಡುವೆ ಸರ್ಕಾರವೇ ಕೊಟ್ಟ ಏಳು ದಿನ,
ಎರಡೂ ಊರಿನ ಪುಸ್ತಕದಲ್ಲಿ ನಾನಿಲ್ಲದ ಏಳು ದಿನ.
ಟಿಕೆಟ್ಟು ಗುಂತಕಲ್ಲಿನ ತನಕ ತೆಗೆಸಿದ್ದೆ.
ಎದುರು ಸೀಟಿನ ಮಗು ಕಿಟಕಿಗೆ ಮೂಗು ಹಚ್ಚಿ
"ಸಮುದ್ರ" ಅಂದಿತು.
"ಅಲ್ಲಪಾ, ಡ್ಯಾಮು" ಅಂದಳು ತಾಯಿ.
ಇಬ್ಬರಲ್ಲಿ ಯಾರು ಸರಿ ಎಂದು ನೋಡಲು
ಮುನಿರಾಬಾದಿನಲ್ಲಿ ಚೀಲ ಎತ್ತಿಕೊಂಡು ಇಳಿದೆ.

ಮೌಲಾಹುಸೇನರ ಲಾಡ್ಜಿನಲ್ಲಿ ಮೇಲಿನ ಖೋಲಿ.
ರಿಜಿಸ್ಟರಿನಲ್ಲಿ "ಬಂದ ಕಾರಣ" ಎಂಬ ಖಾನೆ.
ಪೆನ್ನು ಹಿಡಿದು ನಿಂತೇ ಇದ್ದೆ.
"ನೀರು ನೋಡಾಕ ಅಂತ ಬರೀರಿ,
ಎಲ್ಲಾರೂ ಅದನ್ನ ಬರೀತಾರ,
ಹುಲಿಗೆಮ್ಮಗ ನಡಕೊಳ್ಳಾಕ ಬಂದವರೂ."

ಮೊದಲ ದಿನ ನಿದ್ದೆ ಮಾಡಿದೆ.
ಹಗಲು ಹೀಗೆ ಮಲಗಿ ಎಷ್ಟು ವರ್ಷ
ಎಂದು ಲೆಕ್ಕ ಹಾಕಹೊರಟು
ಮತ್ತೆ ನಿದ್ದೆ ಹೋದೆ.
ಎದ್ದಾಗ ಫ್ಯಾನು ನಿಂತಿತ್ತು.
"ಕರೆಂಟು ಹುಟ್ಟೂ ಊರಾಗ ಕರೆಂಟಿಲ್ಲ" ಎಂದು
ಕೆಳಗೆ ಯಾರೋ ನಗುತ್ತಿದ್ದರು.
ಪ್ರತಿ ಸಲವೂ ಅದೇ ಮಾತಿಗೆ ನಗುತ್ತಾರಂತೆ.

ಹಿನ್ನೀರಿಗೆ ಹೋಗುವ ದಾರಿ
ಹಳೆಯ ಕ್ವಾರ್ಟರ್ಸುಗಳ ನಡುವೆ, ಬೇವಿನ ನೆರಳಲ್ಲಿ.
ಕದವಿಲ್ಲದ ಮನೆಯೊಂದರ ಗೋಡೆಯ ಮೇಲೆ
ಯಾವ ಓವರ್‌ಸಿಯರನ ಮಗುವೋ ಬೆಳೆದ ಗುರುತು:
ಪೆನ್ಸಿಲಿನ ಅಡ್ಡಗೆರೆಗಳು, ಇಸವಿ ಸಮೇತ.
ಕೊನೆಯ ಗೆರೆ ನನ್ನ ಭುಜಕ್ಕೆ ಬಂತು.
ಆಮೇಲೆ ವರ್ಗವಾಗಿರಬೇಕು.

ಪುಷ್ಯದ ನೀರು.
ಇಳಿಯುತ್ತ ಇಳಿಯುತ್ತ ದಂಡೆಯುದ್ದಕ್ಕೂ
ಒಂದರ ಕೆಳಗೊಂದು ಗೆರೆ ಬಿಟ್ಟಿದೆ.
ಒಣಮರದ ಮೇಲೆ ನೀರುಕಾಗೆ
ಇದ್ದೊಂದೇ ಕೋಟನ್ನು ಒಗೆದ ಗುಮಾಸ್ತನ ಹಾಗೆ
ತೋಳು ಚಾಚಿ, ಒಣಗುವ ತನಕ ಕಾಯುತ್ತಿದೆ.
ಆಚೆ ದಡ ಕಾಣುವುದಿಲ್ಲ.
ಮಗುವಿನದೂ ಸರಿ.

ಎರಡನೆಯ ದಿನ ಹರಗೋಲು ಬಂದು ತಾಗಿತು.
ಅಂಬಿಗರ ಗಾಳೆಮ್ಮ ಬುಟ್ಟಿ ಇಳಿಸಿ
ಕೈತಕ್ಕಡಿ ಎತ್ತಿದಳು.
ಇಪ್ಪತ್ತೆರಡು ವರ್ಷ ಅದನ್ನೇ ಹುಡುಕಿದ ಕಣ್ಣು
ಬೇಡ ಬೇಡವೆಂದರೂ ತಟ್ಟೆಯ ಅಡಿಗೇ ಹೋಯಿತು.
ಹುಣಸೆಹಣ್ಣಿನ ಉಂಡೆ, ಒಣಗಿ ಕಲ್ಲಾದದ್ದು.
ಸಂತೆಯಲ್ಲಾಗಿದ್ದರೆ ರಸೀದಿ ಪುಸ್ತಕ,
ದಂಡ, ಅಳು, ಯಾರೋ ಮುಖಂಡರ ಫೋನು.
ಇಲ್ಲಿ ಸುಮ್ಮನೆ ಒಂದು ಕಿಲೋ ಕೊಂಡೆ.
ಸುಮ್ಮನಿರುವುದೂ ಒಂದು ಕೆಲಸವೇ,
ಭತ್ಯೆ ಮಾತ್ರ ಇಲ್ಲ.

ರಾತ್ರಿ ಮೌಲಾಹುಸೇನರ ಮನೆಯಾಕೆ
ಹೆಂಚಿನಲ್ಲಿ ಹುರಿದು ಮೇಲೆ ಕಳಿಸಿದರು.
ಖಡಕ್ ರೊಟ್ಟಿ ಮುರಿಯುವ ಸದ್ದು,
ದೂರದಲ್ಲಿ ಡ್ಯಾಮಿನ ದೀಪಗಳ ಸಾಲು.
ಬೆಳಿಗ್ಗೆ ತೂಗಿದ್ದನ್ನು ಅಂಗೈ ಮರೆತಿರಲಿಲ್ಲ.
ಕಿಲೋಗಿಂತ ಕಡಿಮೆ ಅಲ್ಲ. ಹೆಚ್ಚೇ.

ಮೂರನೆಯ ದಿನ ಇನ್ನೊಮ್ಮೆ ನೋಡಿದೆ.
ಉಂಡೆ ಇದ್ದದ್ದು ಮೀನಿನ ತಟ್ಟೆಗಲ್ಲ,
ಕಲ್ಲಿನ ತಟ್ಟೆಗೆ.
ಕಿಲೋಗೆ ಐವತ್ತು ಗ್ರಾಂ, ಲುಕ್ಸಾನು ಅವಳಿಗೇ.
ಕೇಳಬಾರದಿತ್ತು. ಕೇಳಿಬಿಟ್ಟೆ.
"ನಮ್ಮತ್ತಿ ಹಚ್ಚಿದ್ದು. ಯಾಕಂತ ಆಕಿ ಹೇಳಲಿಲ್ಲ,
ನಾ ಕೇಳಲಿಲ್ಲ.
ಒಮ್ಮಿ ಕಿತ್ತು ನೋಡಿದ್ನಿ,
ಕೈಗೆ ಹೊಂದವಲ್ದಾತು, ತಿರುಗಿ ಹಚ್ಚಿದೆ."
ಹಿಡೀರಿ ಎಂದು ತಕ್ಕಡಿ ನನ್ನ ಕೈಗೇ ಕೊಟ್ಟು
ಸೆರಗಿನ ಗಂಟಿನಲ್ಲಿ ಚಿಲ್ಲರೆ ಹುಡುಕತೊಡಗಿದಳು.
ಖಾಲಿ ತಕ್ಕಡಿ ಒಂದು ಕಡೆಗೆ ವಾಲಿತು.
ಗಾಳಿ ಎಂದುಕೊಂಡೆ.

ನಾಲ್ಕನೆಯ ದಿನದ್ದು ಹೆಚ್ಚೇನೂ ನೆನಪಿಲ್ಲ.
ಕಾಲು ನೀರಿನಲ್ಲಿತ್ತು.
ಬೆರಳಿನಷ್ಟುದ್ದದ ಮೀನೊಂದು ಬಂದು ಬಂದು
ಹಿಮ್ಮಡಿಯ ಸತ್ತ ಚರ್ಮವನ್ನಷ್ಟೇ
ಕಚ್ಚಿಕೊಂಡು ಹೋಗುತ್ತಿತ್ತು.
ಎಮ್ಮೆ ಮೈತೊಳೆಯಲು ಬಂದ ಹುಡುಗ
"ಟೈಮ್ ಎಷ್ಟ್ರೀ" ಎಂದ. ವಾಚು ಖೋಲಿಯಲ್ಲಿ.
"ಬಿಸಿಲು ಇಳಿದೈತಿ" ಅಂದೆ.
ಅಷ್ಟು ಸಾಕಾಯಿತು ಅವನಿಗೆ.

ಸ್ಟೇಷನ್ನಿನಲ್ಲಿ ಹಳೆಯದೊಂದು ತೂಕದ ಯಂತ್ರ.
ಮುದ್ರೆ ಹಾಕಿಸಿ ಹನ್ನೊಂದು ವರ್ಷವಾಗಿದೆ,
ಬಗ್ಗಿ ಓದಿದೆ, ಚಟ.
ಮೇಲೆ ಕಂದುನಾಯಿಯೊಂದು ಸುರುಳಿ ಸುತ್ತಿ
ಉಸಿರಿಗೊಮ್ಮೆ ಹೊಟ್ಟೆ ಏರಿಳಿಸುತ್ತ ಮಲಗಿತ್ತು.
ಮುಳ್ಳು ಸೊನ್ನೆಯಲ್ಲಿತ್ತು.
ದೂರು ಬರೆಯುವ ಮೊದಲು
ಗಾಡಿ ಬಂತು.